ಸರಕಿಗೆ ಬೆಂಗಳೂರಿಗೆ ಹೋದಾಗ ಬಸವನಗುಡಿಯಲ್ಲಿ ತಿಂಡಿ: ಹೋಟೆಲ್ ಹೆಸರಿಗಿಂತ ಮೊದಲು ಗಡಿಯಾರ ನೋಡಿ

ಕನಕಪುರ: ಚಿಕ್ಕಪೇಟೆಗೆ ಬಟ್ಟೆ ತರೋಕೆ, ಅವೆನ್ಯೂ ರಸ್ತೆಗೆ ಪುಸ್ತಕ ತರೋಕೆ, ವಿಕ್ಟೋರಿಯಾ, ವಾಣಿವಿಲಾಸ, ಮಿಂಟೋ ಆಸ್ಪತ್ರೆಗೆ ತೋರಿಸೋಕೆ ಅಂತ ತಾಲೂಕಿನಿಂದ ದಿನಾ ಜನ ಬೆಂಗಳೂರಿಗೆ ಹೋಗ್ತಾರೆ. ಬೆಳಿಗ್ಗೆ ಮನೆಯಲ್ಲಿ ಒಂದು ಲೋಟ ಕಾಫಿ ಕುಡಿದು ಬಸ್ಸು ಹತ್ತಿದವರು ಮಧ್ಯಾಹ್ನ ಎರಡು ಗಂಟೆವರೆಗೂ ಏನೂ ತಿಂದಿರಲ್ಲ. ಕೊನೆಗೆ ಹಸಿವು ತಡೆಯೋಕಾಗದೆ ಕಣ್ಣಿಗೆ ಬಿದ್ದ ಹೋಟೆಲಿಗೆ ನುಗ್ಗಿ, ತಣ್ಣಗಾದ ಅನ್ನ, ನೀರು ಸಾಂಬಾರ್ ಉಂಡು, ಬಿಲ್ ನೋಡಿ ಬೈಕೊಂಡು ಬರ್ತಾರೆ. 'ವಿದ್ಯಾರ್ಥಿ ಭವನದ ದೋಸೆ ಚೆನ್ನಾಗಿರುತ್ತಂತೆ' ಅಂತ ಆಟೋ ಮಾಡಿಕೊಂಡು ಹೋದವರದ್ದು ಇನ್ನೊಂದು ಕಥೆ. ಹೋಗಿ ನೋಡಿದ್ರೆ ಬಾಗಿಲು ಹಾಕಿರುತ್ತೆ.

ಬಾಗಿಲು ಹಾಕಿದ್ದು ಹೋಟೆಲಿನವರ ತಪ್ಪಲ್ಲ. ಬಸವನಗುಡಿ, ಗಾಂಧಿಬಜಾರ್, ಶಂಕರಪುರಂ, ವಿ.ವಿ.ಪುರಂ ಇವೆಲ್ಲ ಒಂದಕ್ಕೊಂದು ಅಂಟಿಕೊಂಡ ಬಡಾವಣೆಗಳು. ಇಲ್ಲಿ ತಿನ್ನೋ ಜಾಗಕ್ಕೇನೂ ಬರವಿಲ್ಲ. ಆದರೆ ಒಂದೊಂದಕ್ಕೂ ಒಂದೊಂದು ಹೊತ್ತು, ಒಂದೊಂದು ರಜೆ. ಅದು ಗೊತ್ತಿದ್ರೆ ಕಡಿಮೆ ದುಡ್ಡಲ್ಲಿ ಒಳ್ಳೆ ತಿಂಡಿ ಸಿಗುತ್ತೆ. ಗೊತ್ತಿಲ್ಲದಿದ್ರೆ ಆಟೋ ದುಡ್ಡೂ ಹೋಯ್ತು, ಹೊಟ್ಟೆಯೂ ಖಾಲಿ.

ಹೋಗೋದು ಹೇಗೆ?

ಕನಕಪುರ, ಹಾರೋಹಳ್ಳಿ ಕಡೆಯವರಿಗೆ ಈ ಜಾಗ ದಾರಿಯಲ್ಲೇ ಇದೆ. 2021ರ ಜನವರಿಯಲ್ಲಿ ಹಸಿರು ಮಾರ್ಗದ ಮೆಟ್ರೋ ಕನಕಪುರ ರಸ್ತೆಯ ರೇಷ್ಮೆ ಸಂಸ್ಥೆವರೆಗೂ ಬಂತು. ಬಸ್ಸಲ್ಲಿ ಅಲ್ಲಿಗೆ ಇಳಿದು ಮೆಟ್ರೋ ಹತ್ತಿದ್ರೆ ಬನಶಂಕರಿ, ಜಯನಗರ, ಸೌತ್ ಎಂಡ್ ಸರ್ಕಲ್, ಲಾಲ್‌ಬಾಗ್ ಆದ್ಮೇಲೆ ನ್ಯಾಷನಲ್ ಕಾಲೇಜು ನಿಲ್ದಾಣ. ಇಳಿಯಬೇಕಾದ್ದು ಇಲ್ಲೇ. ಇಲ್ಲಿಂದ ಒಂದು ನಿಲ್ದಾಣ ಮುಂದೆ ಹೋದ್ರೆ ಕೆ.ಆರ್.ಮಾರ್ಕೆಟ್, ಎರಡು ಹೋದ್ರೆ ಚಿಕ್ಕಪೇಟೆ. ಅಂದ್ರೆ ತಿಂಡಿಗೆ ಅಂತ ಬೇರೆ ದಾರಿ ಹಿಡಿಯೋದೇ ಬೇಡ, ಸರಕಿಗೆ ಹೋಗೋ ದಾರಿಯಲ್ಲಿ ಎರಡು ನಿಲ್ದಾಣ ಮೊದಲೇ ಇಳಿದರೆ ಆಯ್ತು.

ನಿಲ್ದಾಣದಿಂದ ಒಂದು ಕಡೆ ವಿ.ವಿ.ಪುರಂನ ಸಜ್ಜನ್ ರಾವ್ ವೃತ್ತ, ಇನ್ನೊಂದು ಕಡೆ ಗಾಂಧಿಬಜಾರ್. ಎರಡಕ್ಕೂ ಆರಾಮಾಗಿ ನಡೆದು ಹೋಗಬಹುದು. ಕೈಯಲ್ಲಿ ಗಂಟು ಇಲ್ಲದಿದ್ರೆ ಮಾತ್ರ. ಗಂಟು ಇದ್ರೆ ಈ ರಸ್ತೆಗಳಲ್ಲಿ ನಡೆಯೋದು ಕಷ್ಟ. ಅದಕ್ಕೇ ತಿಂಡಿ ಮೊದಲು, ಸರಕು ಆಮೇಲೆ. ಚಿಕ್ಕಪೇಟೆಯ ಅಂಗಡಿಗಳು ಹೇಗೂ ಹತ್ತೂವರೆ ಹನ್ನೊಂದರ ತನಕ ಸರಿಯಾಗಿ ತೆರೆದಿರಲ್ಲ. ಎಂಟು ಎಂಟೂವರೆಗೆ ಬಂದು ಅಲ್ಲಿ ಶಟರ್ ಮುಂದೆ ಕಾಯೋ ಬದಲು ಆ ಹೊತ್ತನ್ನ ಇಲ್ಲಿ ಕಳೆಯಬಹುದು.

ತಿಂಡಿ ಹೋಟೆಲ್ ಬೇರೆ, ಊಟದ ಹೋಟೆಲ್ ಬೇರೆ

ಊರಿನ ಬಸ್ ಸ್ಟ್ಯಾಂಡ್ ಹೋಟೆಲಲ್ಲಿ ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಊಟ, ಸಾಯಂಕಾಲ ಬಜ್ಜಿ, ರಾತ್ರಿ ಚಪಾತಿ, ಎಲ್ಲ ಒಂದೇ ಒಲೆಯಲ್ಲಿ ನಡೆಯುತ್ತೆ. ಬಸವನಗುಡಿಯ ಹಳೇ ಹೋಟೆಲುಗಳು ಹಾಗಲ್ಲ. ಅವು ತಿಂಡಿಗೇ ಹುಟ್ಟಿದವು. ನಾಲ್ಕೈದು ಐಟಂ ಮಾಡ್ತಾರೆ, ಅದನ್ನೇ ದಶಕಗಳಿಂದ ಮಾಡ್ತಿದಾರೆ. ಬೆಳಗಿನ ಪಾಳಿ ಮುಗಿದ ಮೇಲೆ ಬಾಗಿಲು ಹಾಕಿ, ತೊಳೆದು ಬಳಿದು, ಸಾಯಂಕಾಲದ ಹಿಟ್ಟು, ಚಟ್ನಿ, ಪಲ್ಯ ಸಿದ್ಧ ಮಾಡಿಕೊಂಡು ಮತ್ತೆ ತೆಗೀತಾರೆ. ಹಿಂಗಾಗಿ ಊಟದ ಹೊತ್ತಿಗೆ ಇವು ಮುಚ್ಚಿರುತ್ತವೆ. ಮಧ್ಯಾಹ್ನ ಹನ್ನೆರಡರಿಂದ ಎರಡರ ಒಳಗೆ ದೋಸೆ ಹುಡುಕಿಕೊಂಡು ಹೋದವರು ಸಿಕ್ಕಿಬೀಳೋದೇ ಇಲ್ಲಿ.

ಗಾಂಧಿಬಜಾರಿನ ವಿದ್ಯಾರ್ಥಿ ಭವನ ಶುರುವಾಗಿದ್ದು 1943ರಲ್ಲಿ. ಅಕ್ಕಪಕ್ಕದ ಶಾಲೆ ಕಾಲೇಜು ಹುಡುಗರಿಗೆ ಅಂತ ಉರಾಳ ಕುಟುಂಬದವರು ತೆರೆದ ಹೋಟೆಲ್, 1970ರಲ್ಲಿ ರಾಮಕೃಷ್ಣ ಅಡಿಗರ ಕೈಗೆ ಬಂತು. ಈಗ ವಿದ್ಯಾರ್ಥಿಗಳಿಗಿಂತ ಅವರ ತಾತಂದಿರೇ ಜಾಸ್ತಿ ಕಾಣ್ತಾರೆ ಅನ್ನಿ. ಗೋಡೆ ತುಂಬ ಕನ್ನಡದ ಸಾಹಿತಿಗಳು, ಗಣ್ಯರ ಚಿತ್ರ. ಮಸಾಲೆ ದೋಸೆ ದಪ್ಪ, ಮೇಲೆ ಕೆಂಪಗೆ ಗರಿಗರಿ, ಒಳಗೆ ಮೆತ್ತಗೆ, ತುಪ್ಪದ ಘಮ. ಚಟ್ನಿ ನೀರಾಗಿರುತ್ತೆ, ಅದು ಹಾಗೇ ಇರಬೇಕಾದ್ದು. ಪಂಚೆ ಉಟ್ಟ ಸಪ್ಲೈಯರ್ ಒಂದೇ ಕೈಮೇಲೆ ತಟ್ಟೆ ಮೇಲೆ ತಟ್ಟೆ ಜೋಡಿಸಿಕೊಂಡು ಬರೋದನ್ನ ನೋಡೋಕೇ ಮಕ್ಕಳನ್ನ ಕರ್ಕೊಂಡು ಹೋಗಬೇಕು. ಬೆಳಿಗ್ಗೆ ಆರೂವರೆಯಿಂದ ಹನ್ನೊಂದೂವರೆ ಹನ್ನೆರಡರ ತನಕ, ಮತ್ತೆ ಮಧ್ಯಾಹ್ನ ಎರಡು ಎರಡೂವರೆಯಿಂದ ರಾತ್ರಿ ಎಂಟರ ತನಕ. ಶುಕ್ರವಾರ ರಜೆ. ಶನಿವಾರ, ಭಾನುವಾರ ಬಾಗಿಲಲ್ಲಿ ಹೆಸರು ಬರೆಸಿ ಕಾಯಬೇಕು, ಕಾಯೋದೂ ಸ್ವಲ್ಪ ಅಲ್ಲ. ವಾರದ ದಿನ ಬೆಳಿಗ್ಗೆ ಬೇಗ ಹೋದ್ರೆ ಬೇಗ ಕೂರಬಹುದು.

ಅಷ್ಟು ಹೊತ್ತು ಇಲ್ಲ ಅನ್ನೋರಿಗೆ ಶಂಕರಪುರಂನ ಬ್ರಾಹ್ಮಿನ್ಸ್ ಕಾಫಿ ಬಾರ್. ಶಂಕರ ಮಠದ ಹತ್ತಿರ, 1965ರಿಂದ ಇದೆ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ. ಮುಗೀತು. ದೋಸೆ ಇಲ್ಲ. ಸಾಂಬಾರ್ ಕೇಳಬೇಡಿ, ಅದೂ ಇಲ್ಲ. ಬರೀ ಚಟ್ನಿ. ತಟ್ಟೆ ಹಿಡಿದು ಚಟ್ನಿ ಹಾಕೋರ ಮುಂದೆ ಎಷ್ಟು ಸಲ ಹೋಗಿ ನಿಂತ್ರೂ ಬೇಸರವಿಲ್ಲದೆ ಹಾಕ್ತಾರೆ. ಕುರ್ಚಿ ಮೇಜಿನ ತಂಟೆಯಿಲ್ಲ, ರಸ್ತೆ ಬದಿ ನಿಂತೇ ತಿನ್ನಬೇಕು. ಕಾಲು ಗಂಟೆಯಲ್ಲಿ ಕೆಲಸ ಮುಗಿಯುತ್ತೆ. ಇಲ್ಲೂ ಅಷ್ಟೇ, ಬೆಳಗಿನ ಪಾಳಿ ಹನ್ನೆರಡಕ್ಕೆ ಮುಗಿದು ಮತ್ತೆ ತೆಗೆಯೋದು ಮೂರಕ್ಕೆ. ಭಾನುವಾರ ರಜೆ.

ಮೂರನೇದು ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್. ನ್ಯಾಷನಲ್ ಕಾಲೇಜು ನಿಲ್ದಾಣದಿಂದ ಇದಕ್ಕೆ ಆಟೋನೇ ವಾಸಿ. ಉಡುಪಿ ಕಡೆಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಶುರು ಮಾಡಿದ ಹೋಟೆಲ್ ಇದು. ಈಗ ಎಲ್ಲ ಊರಲ್ಲೂ ಸಿಗೋ ರವೆ ಇಡ್ಲಿ ಹುಟ್ಟಿದ್ದು ಇಲ್ಲೇ ಅಂತಾರೆ. ಎರಡನೇ ಮಹಾಯುದ್ಧದ ಹೊತ್ತಲ್ಲಿ ಅಕ್ಕಿ ಸಿಗದೆ ಹೋದಾಗ, ಅಕ್ಕಿ ಬದಲು ರವೆ ಹಾಕಿ ನೋಡಿದ್ದು ಹಿಡಿಸಿಬಿಡ್ತು. ಅಂಗಡಿ ಇಟ್ಟವರಿಗೆ ಇನ್ನೊಂದು ವಿಷಯ ರುಚಿಸಬಹುದು. ತುರ್ತು ಪರಿಸ್ಥಿತಿಯಲ್ಲಿ ಹೋಟೆಲ್ ತಿಂಡಿಗೆ ಸರ್ಕಾರ ಕಡಿಮೆ ದರ ಕಟ್ಟಿದಾಗ, ಆ ರೇಟಿಗೆ ಅದೇ ಗುಣಮಟ್ಟ ಕೊಡೋಕೆ ಆಗಲ್ಲ ಅಂತ ಎಂ.ಟಿ.ಆರ್. ಪುಡಿ, ಮಿಕ್ಸ್ ಪೊಟ್ಟಣಗಳ ಕಡೆ ತಿರುಗಿತು. ಇವತ್ತು ಹಳ್ಳಿ ಅಂಗಡಿ ಗೂಟಕ್ಕೆ ನೇತಾಡೋ ಎಂ.ಟಿ.ಆರ್. ಪೊಟ್ಟಣದ ಮೂಲ ಆ ನಷ್ಟದ ದಿನಗಳು. ಈಗ ಪೊಟ್ಟಣದ ಕಂಪನಿಯೇ ಬೇರೆ, ಹೋಟೆಲೇ ಬೇರೆ.

ಈ ಮೂರರಲ್ಲಿ ಮಧ್ಯಾಹ್ನ ಊಟ ಸಿಗೋದು ಎಂ.ಟಿ.ಆರ್.ನಲ್ಲಿ ಮಾತ್ರ. ಹನ್ನೆರಡೂವರೆ ಸುಮಾರಿಗೆ ಶುರು. ಒಂದರ ಮೇಲೊಂದು ಬಡಿಸ್ತಾ ಹೋಗ್ತಾರೆ, ಹಸಿದು ಹೋದವರಿಗೇ ಲಾಭ. ಕಾಫಿ ಬೆಳ್ಳಿ ಲೋಟದಲ್ಲಿ. ಸೋಮವಾರ ರಜೆ.

ಲೆಕ್ಕ ಹಾಕಿ ನೋಡಿ. ಸೋಮವಾರ ಒಂದು, ಶುಕ್ರವಾರ ಒಂದು, ಭಾನುವಾರ ಒಂದು ಮುಚ್ಚಿರುತ್ತೆ. ಮೂರೂ ತೆರೆದಿರೋದು ಮಂಗಳವಾರ, ಬುಧವಾರ, ಗುರುವಾರ, ಶನಿವಾರ. ಭಾನುವಾರ ಚಿಕ್ಕಪೇಟೆಯ ಸಗಟು ಅಂಗಡಿಗಳೂ ಬಹುತೇಕ ಬಂದ್. ಸರಕಿಗೆ ಹೋಗೋರು ಮಂಗಳವಾರದಿಂದ ಗುರುವಾರದೊಳಗೆ ಹೋದ್ರೆ ಎರಡೂ ಕೆಲಸ ಆಗುತ್ತೆ, ರಶ್ಶೂ ಕಡಿಮೆ. ಹಬ್ಬದ ದಿನ ಈ ಲೆಕ್ಕ ಹಿಡಿಯಬೇಡಿ.

ಮಧ್ಯಾಹ್ನ ಒಂದು ಗಂಟೆಗೆ ಸಿಕ್ಕಿಹಾಕಿಕೊಂಡ್ರೆ?

ಆಗ ದರ್ಶಿನಿ. ನಿಂತುಕೊಂಡು ತಿನ್ನೋ, ಮೊದಲೇ ದುಡ್ಡು ಕೊಟ್ಟು ಚೀಟಿ ತಗೊಳ್ಳೋ ಈ ಪದ್ಧತಿ 1980ರ ದಶಕದಲ್ಲಿ ಪಕ್ಕದ ಜಯನಗರದಲ್ಲೇ ಶುರುವಾಗಿ ಇಡೀ ರಾಜ್ಯಕ್ಕೆ ಹಬ್ಬಿದ್ದು. ಡಿ.ವಿ.ಜಿ. ರಸ್ತೆ, ನೆಟ್ಟಕಲ್ಲಪ್ಪ ವೃತ್ತದ ಸುತ್ತ ಬೇಕಾದಷ್ಟಿವೆ. ಹೆಸರು ನೋಡೋದಕ್ಕಿಂತ ಎಲ್ಲಿ ಆಟೋದವರು, ಬ್ಯಾಂಕಿನವರು ನಿಂತು ತಿಂತಿದಾರೆ ನೋಡಿ, ಅಲ್ಲಿ ಹೋಗಿ. ಜೋಳದ ರೊಟ್ಟಿ ಊಟ ಬೇಕಂದ್ರೆ ಬ್ಯೂಗಲ್ ರಾಕ್ ಹತ್ತಿರದ ಕಾಮತ್.

ಆಸ್ಪತ್ರೆಗೆ ಬಂದು ನಾಲ್ಕಾರು ದಿನ ಉಳಿಯೋರಿಗೆ ದಿನಾ ಹೋಟೆಲ್ ಊಟ ಕಷ್ಟ. ಅವರಿಗೆ ಇಂದಿರಾ ಕ್ಯಾಂಟೀನ್ ಇದೆ. 2017ರ ಆಗಸ್ಟಿನಲ್ಲಿ ಶುರುವಾದಾಗ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ ಇತ್ತು. ತಟ್ಟೆಗಳು ಎಣಿಸಿದಷ್ಟೇ ಇರುತ್ತವೆ, ಖಾಲಿಯಾದ್ರೆ ಆ ಹೊತ್ತಿಗೆ ಅಷ್ಟೇ. ಬಾಗಿಲು ತೆಗೆಯೋ ಹೊತ್ತಿಗೇ ಹೋಗಿ ಸಾಲಲ್ಲಿ ನಿಲ್ಲಬೇಕು.

ಇನ್ನು ಮುದ್ದೆ, ಮಾಂಸದ ಊಟ. ಕನಕಪುರದವರಿಗೆ ಅದಿಲ್ಲದೆ ಊಟ ಸೇರಲ್ಲ ಅನ್ನೋದು ಗೊತ್ತಿದ್ದದ್ದೇ. ಆದರೆ ಗಾಂಧಿಬಜಾರ್, ವಿ.ವಿ.ಪುರಂನಲ್ಲಿ ಅದನ್ನ ಹುಡುಕಿ ಸುಸ್ತಾಗಬೇಡಿ, ಇದು ಬಹುತೇಕ ಸಸ್ಯಾಹಾರದ ಕೇರಿ. ಅದಕ್ಕೆ ಮಿಲಿಟರಿ ಹೋಟೆಲ್ ಆಗಬೇಕು. ಜಯನಗರದ ಶಿವಾಜಿ ಮಿಲಿಟರಿ ಹೋಟೆಲ್ ದೊನ್ನೆ ಬಿರಿಯಾನಿಗೆ ಹೆಸರಾಗಿದೆ, ವಾಪಸ್ ಬರೋ ದಾರಿಗೂ ಹತ್ತಿರ. ಇಂಥ ಹೋಟೆಲುಗಳ ಅಡುಗೆ ಮಧ್ಯಾಹ್ನಕ್ಕೇ ಲೆಕ್ಕ ಹಾಕಿ ಮಾಡಿದ್ದು. ಮೂರರ ಮೇಲೆ ಹೋದ್ರೆ ಕೇಳಿದ್ದು ಸಿಗಲ್ಲ, ಇದ್ದದ್ದು ತಿನ್ನಬೇಕು.

ಸಂಜೆ ಐದರ ಮೇಲೆ ತಿಂಡಿ ಬೀದಿ

ಸಜ್ಜನ್ ರಾವ್ ವೃತ್ತದ ಪಕ್ಕದ ವಿ.ವಿ.ಪುರಂ ತಿಂಡಿ ಬೀದಿಗೆ ಬೆಳಿಗ್ಗೆ ಹೋದವರು 'ಇದೇನಾ' ಅಂತಾರೆ. ಹಗಲಲ್ಲಿ ಅದೊಂದು ಮಾಮೂಲಿ ರಸ್ತೆ. ಐದು ಗಂಟೆ ಮೇಲೆ ಒಲೆ ಹೊತ್ತಿದಾಗಲೇ ಅದು ತಿಂಡಿ ಬೀದಿ. ಅಕ್ಕಿ ರೊಟ್ಟಿ, ಪಡ್ಡು, ತಟ್ಟೆ ಇಡ್ಲಿ, ಥರಾವರಿ ದೋಸೆ, ಕಣ್ಣೆದುರೇ ತಟ್ಟಿ ಬೇಯಿಸೋ ಹೋಳಿಗೆ, ಮೆಣಸಿನಕಾಯಿ ಬಜ್ಜಿ, ಚಾಟ್, ಜಿಲೇಬಿ, ಗುಲ್ಕನ್ ಹಾಕಿದ ಐಸ್‌ಕ್ರೀಂ, ಬಾದಾಮಿ ಹಾಲು. ಎಲ್ಲ ಸಸ್ಯಾಹಾರ. ಮೂಲೆಯಲ್ಲಿ 1953ರ ವಿ.ಬಿ. ಬೇಕರಿ ಇದೆ, ಅದು ಹಗಲಲ್ಲೂ ತೆರೆದಿರುತ್ತೆ. ಖಾರಾ ಬನ್, ಕಾಂಗ್ರೆಸ್ ಕಡಲೆಕಾಯಿ ಕಟ್ಟಿಸಿಕೊಂಡು ಬಂದ್ರೆ ಮನೆಯಲ್ಲಿ ಬೈಗುಳ ಕಡಿಮೆ.

ಇಲ್ಲಿ ತಪ್ಪು ಮಾಡೋದು ಹೇಗೆ ಅಂದ್ರೆ, ಮೊದಲನೇ ಅಂಗಡಿಯಲ್ಲೇ ಹೊಟ್ಟೆ ತುಂಬ ತಿಂದುಬಿಡೋದು. ಬೀದಿ ಈ ತುದಿಯಿಂದ ಆ ತುದಿಗೆ ಒಂದು ಸಲ ಸುಮ್ಮನೆ ನಡೀರಿ. ಯಾವುದು ಬಿಸಿ ಬಿಸಿ ಹೋಗ್ತಿದೆ, ಎಲ್ಲಿ ಎಣ್ಣೆ ಕಪ್ಪಾಗಿದೆ ಕಣ್ಣಿಗೇ ಕಾಣುತ್ತೆ. ಇಬ್ಬರಿದ್ರೆ ಒಂದೊಂದನ್ನ ಹಂಚಿಕೊಂಡು ತಿಂದರೆ ಐದಾರು ಬಗೆ ನೋಡಬಹುದು. ನೀರು ಮಾತ್ರ ಬಾಟಲಿಯಲ್ಲಿ ತಗೊಂಡು ಹೋಗಿ. ರಾತ್ರಿ ಏಳರಿಂದ ಒಂಬತ್ತರ ತನಕ, ಅದರಲ್ಲೂ ಶನಿವಾರ ಭಾನುವಾರ, ಭುಜಕ್ಕೆ ಭುಜ ತಾಗುತ್ತೆ. ಮಕ್ಕಳ ಕೈ ಬಿಡಬೇಡಿ, ಪರ್ಸ್ ಮುಂದಿನ ಜೇಬಲ್ಲಿರಲಿ. ಇದು ಬಸ್ಸಿನ ಹೊತ್ತಿಗೂ ತೊಡಕು. ಮೆಟ್ರೋ ರಾತ್ರಿ ಇರುತ್ತೆ, ಆದರೆ ಅದು ಕನಕಪುರಕ್ಕೆ ಬರಲ್ಲವಲ್ಲ. ಬೆಳಿಗ್ಗೆ ಇಳಿಯೋವಾಗಲೇ ಕೊನೇ ಬಸ್ಸು ಎಷ್ಟೊತ್ತಿಗೆ ಅಂತ ಕಂಡಕ್ಟರನ್ನ ಕೇಳಿಟ್ಟುಕೊಳ್ಳಿ.

ತಿಂಡಿ ಬೀದಿಯ ಇನ್ನೊಂದು ಮುಖ ಊರಲ್ಲಿ ತಳ್ಳುಗಾಡಿ, ಸಣ್ಣ ಹೋಟೆಲ್ ಇಟ್ಟವರು ತಿಳಿಯಬೇಕಾದ್ದು. ಇದು ಯಾರೋ ನಕ್ಷೆ ಹಾಕಿ ಮಾಡಿದ ಬೀದಿಯಲ್ಲ. ಜನ ವಾಸ ಮಾಡೋ ರಸ್ತೆಯಲ್ಲಿ ಒಂದೊಂದೇ ಅಂಗಡಿ ಸೇರ್ತಾ ಸೇರ್ತಾ ಬೆಳೆದದ್ದು. 2023ರ ಹೊತ್ತಿಗೆ ಪಾಲಿಕೆ ರಸ್ತೆ ಅಗೆದು ಹೊಸದಾಗಿ ಕಟ್ಟೋ ಕೆಲಸ ಹಿಡೀತು. ಧೂಳಲ್ಲಿ ತಿನ್ನೋಕೆ ಯಾರು ಬರ್ತಾರೆ? ವ್ಯಾಪಾರ ಬಿತ್ತು. ಅದೇ ವರ್ಷ ಅಲ್ಲಿನ ನಿವಾಸಿಗಳು ಬೀದಿಗಿಳಿದ್ರು. ಮನೆ ಗೇಟ್ ಮುಂದೆ ಗಾಡಿ ನಿಲ್ಲಿಸ್ತಾರೆ, ಎಲೆ, ಲೋಟ ಚರಂಡಿಗೆ ಹಾಕ್ತಾರೆ, ಹೆಗ್ಗಣ ಜಾಸ್ತಿಯಾಗಿದೆ, ರಾತ್ರಿ ನಿದ್ದೆ ಇಲ್ಲ, ಆಂಬುಲೆನ್ಸ್ ಬರೋಕೂ ದಾರಿ ಇಲ್ಲ, ಬೀದಿಯನ್ನೇ ಬೇರೆ ಕಡೆ ಹಾಕಿ ಅನ್ನೋದು ಅವರ ಒತ್ತಾಯ. ಅಂಗಡಿಯವರು ಹೇಳಿದ್ದು ಹೊಟ್ಟೆಪಾಡಿನ ಮಾತು. ಇಬ್ಬರದ್ದೂ ಸುಳ್ಳಲ್ಲ. ತಿನ್ನೋಕೆ ಹೋದವರು ಗಾಡಿಯನ್ನ ದೂರ ಬಿಟ್ಟು ನಡೆದು ಹೋಗಿ, ತಟ್ಟೆಯನ್ನ ಡಬ್ಬಕ್ಕೇ ಹಾಕಿದ್ರೆ ಈ ಜಗಳದಲ್ಲಿ ಅವರ ಪಾಲು ಅಷ್ಟಾದರೂ ಕಮ್ಮಿ ಆಗುತ್ತೆ. ಗಾಂಧಿಬಜಾರ್ ಮುಖ್ಯರಸ್ತೆಯಲ್ಲೂ ಇದೇ ಥರ ಕಾಮಗಾರಿ ಎಳೆದಾಡಿ, ಹೂವು, ಹಣ್ಣು ಮಾರೋರು, ಅಂಗಡಿಯವರು ವ್ಯಾಪಾರ ಕಳ್ಕೊಂಡು ಗೊಣಗಿದ್ದು ಇನ್ನೂ ಹಳೇ ಮಾತಾಗಿಲ್ಲ.

ನಮ್ಮ ಹೊಲದ ಕಾಯಿ, ಅವರ ತಟ್ಟೆ

ಈ ಬಡಾವಣೆ ಊಟಕ್ಕೂ ಜಿಲ್ಲೆಗೂ ಇರೋ ನಿಜವಾದ ನಂಟು ಚಳಿಗಾಲದಲ್ಲಿ ಕಾಣುತ್ತೆ. ಇಬ್ಬನಿ ಬಿದ್ದು ಅವರೆಕಾಯಿಗೆ ಸೊಗಡು ಹತ್ತೋ ಹೊತ್ತಿಗೆ, ಡಿಸೆಂಬರ್ ಕೊನೆ, ಜನವರಿಯಲ್ಲಿ, ಇಲ್ಲಿ ಅವರೆಬೇಳೆ ಮೇಳ ನಡೆಯುತ್ತೆ. ಸಜ್ಜನ್ ರಾವ್ ವೃತ್ತದ ವಾಸವಿ ಕಾಂಡಿಮೆಂಟ್ಸ್‌ನವರು ತಿಂಡಿ ಬೀದಿಯಲ್ಲೇ ಶುರು ಮಾಡಿದ ಮೇಳ, ರಶ್ ತಡೆಯೋಕಾಗದೆ ಇತ್ತೀಚಿನ ವರ್ಷಗಳಲ್ಲಿ ನ್ಯಾಷನಲ್ ಕಾಲೇಜು ಮೈದಾನಕ್ಕೆ ಹೋಗಿದೆ. ಹಿತಕಿದ ಬೇಳೆ ಸಾರು, ಅವರೆಬೇಳೆ ದೋಸೆ, ಅಕ್ಕಿ ರೊಟ್ಟಿ, ಉಪ್ಪಿಟ್ಟು, ನಿಪ್ಪಟ್ಟು ಅಂದ್ರೆ ಸರಿ, ಅವರೆಬೇಳೆ ಜಾಮೂನು, ಜಿಲೇಬಿನೂ ಮಾಡ್ತಾರೆ. ಜಾಮೂನು ಒಂದು ಸಲ ಕುತೂಹಲಕ್ಕೆ ಸಾಕು. ಸಾರು ಮಾತ್ರ ಬಿಡಬೇಡಿ.

ಮೇಳಕ್ಕೆ ಹೋಗೋ ಕಾಯಿಯಲ್ಲಿ ಮಾಗಡಿ ಸೀಮೆಯ ಅವರೆಗೆ ಹೆಸರಿದೆ. ಕಾಯಿ ಬಿಡಿಸಿ, ಕಾಳು ನೆನೆಸಿ, ಒಂದೊಂದೇ ಹಿತುಕಿ ಸಿಪ್ಪೆ ತೆಗೆಯೋದು ಹೆಂಗಸರ ಕೈಕೆಲಸ. ಮನೆಯಲ್ಲಿ ಒಂದು ಪಾವು ಬೇಳೆ ಹಿತುಕಿ ಬೆರಳು ನೋಯಿಸಿಕೊಂಡವರಿಗೆ ಅದರ ಕಷ್ಟ ಗೊತ್ತು. ಪೇಟೆಯಲ್ಲಿ ಇಡೀ ಕಾಯಿಗೂ ಹಿತಕಿದ ಬೇಳೆಗೂ ರೇಟಿನಲ್ಲಿ ಅಷ್ಟು ಅಂತರ ಇರೋದು ಆ ಬೆರಳುಗಳಿಂದಲೇ. ಕಾಯಿಯನ್ನ ಚೀಲ ಕಟ್ಟಿ ಮಾರ್ಕೆಟಿಗೆ ಹಾಕಿ ಬರೋ ರೈತರು ಒಂದು ಸಲ ಮೇಳದಲ್ಲಿ ನಿಂತು ಒಂದು ಬಟ್ಟಲು ಸಾರಿನ ಬೆಲೆ ನೋಡಿದ್ರೆ, ತಮ್ಮ ಚೀಲದ ಲೆಕ್ಕವನ್ನ ಮತ್ತೆ ಹಾಕ್ತಾರೆ.

ಕಡಲೆಕಾಯಿದೂ ಹಂಗೇ. ಕಾರ್ತಿಕ ಮಾಸದ ಕಡೇ ಸೋಮವಾರ ದೊಡ್ಡ ಬಸವಣ್ಣನ ಗುಡಿ ಮುಂದೆ ಕಡಲೆಕಾಯಿ ಪರಿಷೆ. ಇದು ಸುಂಕೇನಹಳ್ಳಿ ಅನ್ನೋ ಹಳ್ಳಿಯಾಗಿದ್ದಾಗ, ರಾತ್ರಿ ಬಂದು ಬೆಳೆ ಮೇಯ್ತಿದ್ದ ಬಸವನಿಗೆ ರೈತರು ಮೊದಲ ಫಸಲು ಒಪ್ಪಿಸೋ ಹರಕೆ ಹೊತ್ತರು ಅನ್ನೋದು ಅಲ್ಲಿನ ಐತಿಹ್ಯ. ಈಗಲೂ ಜಿಲ್ಲೆಯ ರೈತರು, ವ್ಯಾಪಾರಿಗಳು ಮೂಟೆ ಹಾಕಿಕೊಂಡು ಹೋಗ್ತಾರೆ. ಹಸಿ, ಹುರಿದದ್ದು, ಬೇಯಿಸಿದ್ದು, ಎಲ್ಲ ಸೇರಿನ ಲೆಕ್ಕ. ಆ ದಿನ ಬುಲ್ ಟೆಂಪಲ್ ರಸ್ತೆಯಲ್ಲಿ ಬಸ್ಸು, ಆಟೋ ನಂಬಿಕೊಂಡು ಹೋದ್ರೆ ಕೆಟ್ರಿ. ಮೆಟ್ರೋ ಇಳಿದು ನಡೀರಿ.

ಗಾಂಧಿಬಜಾರಿನಿಂದ ವಾಪಸ್ ಬರೋವಾಗ ಸುಬ್ಬಮ್ಮನ ಅಂಗಡಿಯಲ್ಲಿ ಕೋಡುಬಳೆ, ಹುರಿಗಾಳು, ಹಪ್ಪಳ ಕಟ್ಟಿಸಿಕೊಳ್ಳಬಹುದು. ಹೆಣ್ಣುಮಗಳೊಬ್ಬರು ಹಪ್ಪಳ ಮಾಡಿ ಮನೆಮನೆಗೆ ಮಾರ್ತಾ ಕಟ್ಟಿದ ಅಂಗಡಿ ಅದು, 1948ರಿಂದ ನಡೀತಿದೆ. ಹಪ್ಪಳ, ಸಂಡಿಗೆ ಮಾಡೋ ತಾಲೂಕಿನ ಸ್ತ್ರೀಶಕ್ತಿ ಸಂಘದವರು ಆ ಕಡೆ ಹೋದಾಗ ಕೊಳ್ಳದಿದ್ರೂ ಪರವಾಗಿಲ್ಲ, ಪೊಟ್ಟಣ ಹೇಗೆ ಕಟ್ಟಿದಾರೆ, ಎಷ್ಟೆಷ್ಟು ತೂಕದ್ದು ಇಟ್ಟಿದಾರೆ ಅಂತ ಐದು ನಿಮಿಷ ನೋಡಿಕೊಂಡು ಬನ್ನಿ.